ಮಗಳ ರಕ್ತದಲ್ಲಿ ಆಂಟಿಬಾಡಿ ಜಾಸ್ತಿ ಇದೆಯಂತೆ, ಅದು ಒಳ್ಳೇದಲ್ವಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ನಾಲ್ಕು ವರ್ಷ. ಹೊಟ್ಟೆ ಉಬ್ಬರ, ತೂಕ ಏರುತ್ತಿಲ್ಲ. ಐರನ್ ಸಿರಪ್ ಕೊಟ್ಟರೂ ಹಿಮೋಗ್ಲೋಬಿನ್ ಅಷ್ಟಕ್ಕಷ್ಟೇ. ಈಗ ಟಿಟಿಜಿ-ಐಜಿಎ ಆಂಟಿಬಾಡಿ ಜಾಸ್ತಿ ಬಂದಿದೆ, ಸೀಲಿಯಾಕ್ ಇರಬಹುದು ಅಂದಿದ್ದಾರೆ. ಆಂಟಿಬಾಡಿ ಅಂದ್ರೆ ಕಾಪಾಡೋದಲ್ವಾ? ನಾಳೆಯಿಂದಲೇ ಚಪಾತಿ ನಿಲ್ಲಿಸಲಾ?

ಉತ್ತರ: ಚಪಾತಿ ಈಗಲೇ ನಿಲ್ಲಿಸಬೇಡಿ ಅಮ್ಮಾ. ಸೀಲಿಯಾಕ್ ಅಂದರೆ ಗ್ಲುಟನ್ ಎಂಬ ಗೋಧಿಯ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಕರುಳಿಗೆ ಹಾನಿ ಮಾಡುವ ಕಾಯಿಲೆ. ಮೊದಲು ಅದು ಖಚಿತವಾಗಲಿ. ಗೋಧಿ ಬಿಟ್ಟರೆ ಆಂಟಿಬಾಡಿ ಇಳಿಯುತ್ತದೆ, ಕರುಳೂ ಮಾಯುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ ಏನೂ ಇಲ್ಲ ಅಂತ ಬರಬಹುದು.

ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಪೂರ್ತಿ ಜೀರ್ಣವಾಗುವುದಿಲ್ಲ. ಉಳಿದ ತುಣುಕುಗಳು ಸಣ್ಣ ಕರುಳಿನ ಒಳಪದರದೊಳಗೆ ಇಳಿಯುತ್ತವೆ. ಅಲ್ಲಿ ಟಿಟಿಜಿ ಎಂಬ ನಮ್ಮದೇ ಕಿಣ್ವ ಅವನ್ನು ಸ್ವಲ್ಪ ಮಾರ್ಪಡಿಸುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರುವ ಕೆಲವು ಮಕ್ಕಳಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಟಿ ಕೋಶಗಳು ಆ ತುಣುಕನ್ನು ಶತ್ರು ಅಂದುಕೊಂಡು ಕೆರಳುತ್ತವೆ. ಕರುಳಿನ ಪದರದಲ್ಲೇ ಇರುವ ಇನ್ನೊಂದು ಬಗೆಯ ಟಿ ಕೋಶಗಳು ಆಗ ಆ ಪದರದ ಕೋಶಗಳನ್ನೇ ಕೊಲ್ಲುತ್ತವೆ. ಆಹಾರ ಹೀರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ ಹೀರುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಪೆಟ್ಟು ಬೀಳುವುದೂ ಅಲ್ಲೇ. ನಿಮ್ಮ ಸಿರಪ್ ಕೆಲಸ ಮಾಡದಿರಲು ಇದೇ ಕಾರಣ ಇರಬಹುದು.

ಆಂಟಿಬಾಡಿ ತಯಾರಿಸುವುದು ರಕ್ಷಣಾ ವ್ಯವಸ್ಥೆಯ ಬಿ ಕೋಶಗಳು, ಕೆರಳಿದ ಟಿ ಕೋಶಗಳ ಒತ್ತಾಸೆಯಿಂದ. ಇದು ಯಾವ ರೋಗಾಣುವಿನ ಮೇಲೂ ಅಲ್ಲ, ನಮ್ಮದೇ ಟಿಟಿಜಿ ಮೇಲೆ. ಕರುಳಿಗೆ ಹೆಚ್ಚಿನ ಹಾನಿ ಮಾಡುವುದು ಟಿ ಕೋಶಗಳು. ಆಂಟಿಬಾಡಿ ಅದರ ಗುರುತು, ಅದಕ್ಕೇ ಅದನ್ನು ಅಳೆಯುತ್ತೇವೆ.

ರಿಪೋರ್ಟಿನಲ್ಲಿ ಟಿಟಿಜಿ-ಐಜಿಎ ನಾರ್ಮಲ್ ಮೇಲ್ಮಿತಿಯ 10 ಪಟ್ಟೋ ಅದಕ್ಕಿಂತ ಜಾಸ್ತಿಯೋ ಇದ್ದು, ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಆಂಟಿಬಾಡಿಯೂ ಬಂದರೆ, 2020ರ ಯುರೋಪಿನ ಮಾರ್ಗಸೂಚಿ ಪ್ರಕಾರ ಮಕ್ಕಳಿಗೆ ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು) ಬೇಕಾಗದಿರಬಹುದು. ಕಡಿಮೆ ಇದ್ದರೆ ಎಂಡೋಸ್ಕೋಪಿಯಲ್ಲಿ ಬಯಾಪ್ಸಿ ಮಾಡಿಸಿ, ಹೆದರಬೇಡಿ.

ಪ್ರಶ್ನೆ (ಇನ್ನೊಬ್ಬರು): ಸರ್, ನನ್ನ ಮಗನಿಗೂ ಇದೇ ತೊಂದರೆ. ಆದರೆ ಟಿಟಿಜಿ ನಾರ್ಮಲ್.

ಉತ್ತರ: ರಕ್ತದಲ್ಲಿ ಒಟ್ಟು ಐಜಿಎ ಎಷ್ಟಿದೆ ನೋಡಿದ್ದಾರಾ? ಟಿಟಿಜಿ ಪರೀಕ್ಷೆ ಅಳೆಯುವುದು ಈ ಐಜಿಎ ಬಗೆಯ ಆಂಟಿಬಾಡಿಯನ್ನು. ಕೆಲವು ಮಕ್ಕಳ ದೇಹ ಐಜಿಎ ತಯಾರಿಸುವುದೇ ಇಲ್ಲ. ಅಂಥವರಲ್ಲಿ ಈ ನಾರ್ಮಲ್ ನಂಬುವಂತಿಲ್ಲ. ಐಜಿಜಿ ಎಂಬ ಇನ್ನೊಂದು ಬಗೆಯ ಆಂಟಿಬಾಡಿಯ ಪರೀಕ್ಷೆ ಕೇಳಿ.

ಪ್ರಶ್ನೆ: ಸೀಲಿಯಾಕ್ ಅಂತ ಖಚಿತವಾದ ಮೇಲೆ ಏನು ಕೊಡಲಿ ಡಾಕ್ಟ್ರೇ?

ಉತ್ತರ: ರಾಗಿ, ಅಕ್ಕಿ, ಜೋಳ, ಸಜ್ಜೆ ಎಲ್ಲಾ ಸರಿ. ರವೆ, ಮೈದಾ, ಬಿಸ್ಕತ್ತು ಬೇಡ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಮನೆಯಲ್ಲೇ ಬೀಸಿಕೊಳ್ಳಿ. ಆರು ತಿಂಗಳ ಹೊತ್ತಿಗೆ ಮತ್ತೆ ಟಿಟಿಜಿ ಮಾಡಿಸಿ, ಸಾಮಾನ್ಯವಾಗಿ ಇಳಿಯುತ್ತಾ ಬರುತ್ತದೆ. ಇಳಿಯದಿದ್ದರೆ ಎಲ್ಲೋ ಗೋಧಿ ನುಸುಳುತ್ತಿದೆ ಅಂತ ಹುಡುಕಿ. ಅಂಗಡಿಯ ಇಂಗಿನ ಡಬ್ಬಿಯ ಮೇಲೂ ಓದಿ ನೋಡಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಸೇರಿಸಿರುತ್ತಾರೆ.