ಮುರುಗಲು (ಕೋಕಂ) ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ಒಡೆದ ಹಾಲಿನ ಹಾಗೆ ಆಗ್ತಿದೆ, ಯಾಕೆ?

ಕಾಳಿದಂಡೆ (ಕಾರವಾರ):
ಎಂಎಸ್ಸಿ ಪ್ರಾಜೆಕ್ಟ್‌ಗೆ ಮುರುಗಲು ಸಿಪ್ಪೆಯಿಂದ ಬೆಳ್ಳಿ ನ್ಯಾನೋಕಣ ಮಾಡಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಮೇಲೆ ನೋಡಬೇಕು. 10 ಗ್ರಾಂ ಒಣ ಸಿಪ್ಪೆ 100 ಎಂಎಲ್ ನೀರಲ್ಲಿ ಕುದಿಸಿ ಸೋಸಿದೆ. ಅದರಲ್ಲಿ 10 ಎಂಎಲ್ ತೆಗೆದು 90 ಎಂಎಲ್ ಸಿಲ್ವರ್ ನೈಟ್ರೇಟ್‌ಗೆ (1 ಮಿಲಿಮೋಲಾರ್) ಹಾಕಿದ ಕೂಡಲೇ ಬಿಳಿ ಬಿಳಿ ಗಷ್ಟು. ನ್ಯಾನೋಕಣ ಆದರೆ ಬರಬೇಕಾದ ಕಂದು ಬಣ್ಣ ಬರಲೇ ಇಲ್ಲ. ಕಿಟಕಿ ಹತ್ತಿರ ಇಟ್ಟದ್ದು ಸಂಜೆಗೆ ನೇರಳೆ-ಬೂದು ಆಯಿತು. ಮೂರು ಸಲ ಹೀಗೇ. ಸಿಲ್ವರ್ ನೈಟ್ರೇಟ್ ಸೋವಿ ಸಾಮಾನಲ್ಲ, ದಯವಿಟ್ಟು ಹೇಳಿ.

ಘಟ್ಟದಮೇಲೆ (ಶಿರಸಿ):
ಬಾವಿ ನೀರಾ? ಸಿಪ್ಪೆ ಎಲ್ಲಿಯದು?

ಕಾಳಿದಂಡೆ:
ಡಿಸ್ಟಿಲ್ಡ್ ನೀರೇ ಅಣ್ಣ. ಸಿಪ್ಪೆ ಭಾನುವಾರದ ಸಂತೆಯದು, ಸಾರಿಗೆ ಹಾಕುವಂಥದ್ದು.

ಘಟ್ಟದಮೇಲೆ:
ಸಿಕ್ಕಿತು ನೋಡಿ! ಲ್ಯಾಬಿಗೆ ಹೋಗದ ಪೊಟ್ಟಣದಿಂದ ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಉಪ್ಪುಪ್ಪು ಇರುತ್ತದೆ. ಕರಾವಳಿಯಲ್ಲಿ ಉಪ್ಪು ಹಚ್ಚಿ ಒಣಗಿಸುವುದೇ ಜಾಸ್ತಿ ಅಲ್ವಾ. ಬೆಳ್ಳಿಗೆ ಉಪ್ಪಿನ ಕ್ಲೋರೈಡ್ ಸಿಕ್ಕಿದರೆ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರುತ್ತದೆ, ಬೆಳಕು ತಾಗಿದರೆ ಅದೇ ನೇರಳೆ. ನಿಮ್ಮ 90 ಎಂಎಲ್‌ನಲ್ಲಿರುವ ಬೆಳ್ಳಿಯನ್ನೆಲ್ಲ ಮುಗಿಸಲು ಸುಮಾರು 5 ಮಿಲಿಗ್ರಾಂ ಉಪ್ಪು ಸಾಕು, ಚಿಟಿಕೆಯೂ ಬೇಡ. ಖಾತ್ರಿ ಬೇಕಿದ್ದರೆ ಗಷ್ಟಿಗೆ ಸ್ವಲ್ಪ ತೆಳು ನೈಟ್ರಿಕ್ ಆಮ್ಲ ಹಾಕಿ, ಕರಗದೆ ಉಳಿದರೆ ಕ್ಲೋರೈಡೇ.

ಉಪ್ಪಿಲ್ಲದ ಸಿಪ್ಪೆ ಹುಡುಕಿ. ಆದರೂ ಬಣ್ಣ ತಡ ಆಗಬಹುದು, ಮುರುಗಲು ಹುಳಿ ಅಲ್ವಾ, ಆಮ್ಲದಲ್ಲಿ ಕೆಲಸ ನಿಧಾನ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿ ಹಾಕಿ ಪಿಎಚ್ 8ರ ಹತ್ತಿರ ತನ್ನಿ. ಜಾಸ್ತಿ ಆಯಿತು ಅಂತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿಬಿಟ್ಟೀರಿ, ಅದರಲ್ಲೂ ಕ್ಲೋರೈಡೇ, ಮತ್ತೆ ಅದೇ ಕತೆ! ಪಿಎಚ್ ಏರಿದರೆ ಕಷಾಯದ ಕೆಂಪೂ ಬದಲಾಗುತ್ತದೆ, ಕಣ್ಣನ್ನು ನಂಬಬೇಡಿ. ಅದೇ ಪಿಎಚ್‌ನ ಕಷಾಯವನ್ನೇ ಬ್ಲಾಂಕ್ (ಹೋಲಿಕೆಗೆ) ಇಟ್ಟು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಸ್ಕ್ಯಾನ್ ಮಾಡಿ, 400ರಿಂದ 450 ನ್ಯಾನೋಮೀಟರ್ ನಡುವೆ ಬೆಳಕು ಹೀರುವ ಶಿಖರ ಬರಬೇಕು.

ಕ್ಯಾಂಡಿಡಾ ಪ್ಲೇಟಿನಲ್ಲಿ ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್ ಎರಡನ್ನೂ ಬೇರೆ ಬೇರೆ ಇಡಿ. ಕಣ ಇಲ್ಲದೆ ಬೆಳ್ಳಿ ಅಯಾನ್ ಒಂದೇ ಇದ್ದರೂ ಶಿಲೀಂಧ್ರ ಕೊಲ್ಲುತ್ತದೆ. ಉಳಿದ ಅಯಾನ್ ತೊಳೆಯದ ಕಣ ಹಾಕಿ ಶಿಲೀಂಧ್ರ ಬೆಳೆಯದ ವಲಯ ಬಂತು ಅಂತ ಕುಣಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ತೋಟದಮನೆ (ಸಿದ್ದಾಪುರ):
ಇದು ಅಡಿಕೆ ಕೊಳೆಗೆ ಹೊಡೆಯಬಹುದಾ?

ಘಟ್ಟದಮೇಲೆ:
ಸುಮ್ನೆ ಇರಿ ಮಾರಾಯ್ರೆ. ಕೊಳೆ ತರುವುದು ಫೈಟಾಫ್ತೊರಾ, ಅದು ನಿಜವಾದ ಶಿಲೀಂಧ್ರವೇ ಅಲ್ಲ. ಕ್ಯಾಂಡಿಡಾ ಫಲಿತಾಂಶ ಅಲ್ಲಿಗೆ ಹೊಂದುವುದಿಲ್ಲ. ಶೇ. 1ರ ಬೋರ್ಡೋ ದ್ರಾವಣ ಹೊಡೆಯಿರಿ.

ಕಾಳಿದಂಡೆ:
ನಾಲ್ಕನೇ ಸಲ ಆಯಿತು! ಅಂಕೋಲಾದ ಅತ್ತೆ ಮನೆಯಿಂದ ಉಪ್ಪಿಲ್ಲದ ಸಿಪ್ಪೆ ತರಿಸಿದೆ. ಗಷ್ಟು ಇಲ್ಲ, ಕತ್ತಲಲ್ಲಿ ಇಟ್ಟಿದ್ದು ಬೆಳಗ್ಗೆ ನೋಡಿದರೆ ಗಾಢ ಕಂದು. ಶಿಖರ 428ಕ್ಕೆ. ಸಂತೆಯ ಪೊಟ್ಟಣ ಅಮ್ಮನ ಬಂಗಡೆ ಸಾರಿಗೆ ಹೋಯಿತು.