ಪದಚರ್ಚೆ: 'ಗುಳೆ ಬಂದವರು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಿಂಧನೂರಿನಲ್ಲಿ ನಾವು ಕೆಲವರು ಸೇರಿ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ ಕಟ್ಟುತ್ತಿದ್ದೇವೆ. ಆಪೆರಾ ಅನ್ನಿ, ಗೀತನಾಟಕ ಅನ್ನಿ. ಬಯಲಾಟ ನೋಡಿ ಬೆಳೆದವರಿಗೆ ಮಾತು ಹಾಡಾಗುವುದು ಹೊಸದಲ್ಲ. ಊರಿನ ಹುಡುಗಿ, ಕ್ಯಾಂಪಿನ ಹುಡುಗ, ನಡುವೆ ಊರಮಂದಿಯ ಬಾಯಿ. ಮೇಳದ ಮೊದಲ ಸಾಲು: "ಕ್ಯಾಂಪಿನವನ ಜೋಡಿ ಮಾತಾಡಕತ್ಯಾಳಂತ." ನಾನು ಸಿಕ್ಕಿಕೊಂಡಿರುವುದು ಆ ಮೊದಲ ಪದದಲ್ಲೇ.

ಬೇರೆ ಕಡೆ ಕ್ಯಾಂಪು ಎಂದರೆ ಶಿಬಿರ. ನಮ್ಮಲ್ಲಿ ಅದು ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದರು, ಜೋಳ-ಹತ್ತಿಯ ಎರೆಹೊಲವನ್ನು ನೆಲ್ಲಿನ ಗದ್ದೆ ಮಾಡಿ ಅಲ್ಲೇ ಮನೆ ಕಟ್ಟಿಕೊಂಡರು. ಆಮೇಲೆ ಪೂರ್ವ ಪಾಕಿಸ್ತಾನದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಕ್ಯಾಂಪುಗಳಾದವು. ಮೂರು ತಲೆಮಾರು ಕಳೆದರೂ ಹೆಸರು ಮಾತ್ರ ನಾಳೆ ಗಂಟುಮೂಟೆ ಕಟ್ಟುವವರದ್ದು. ಬಸ್ಸಿನ ಬೋರ್ಡಿನ ಮೇಲೆ 'ಕ್ಯಾಂಪ್' ಎಂದಿದ್ದರೆ ಯಾರಿಗೂ ನೋವಿಲ್ಲ. ಹುಡುಗಿಯ ಚಿಗವ್ವ "ಕ್ಯಾಂಪಿನವನಾ?" ಎಂದು ರಾಗ ಎಳೆದಾಗ ಅದೇ ಪದ ಬಾಗಿಲು ಮುಚ್ಚುತ್ತದೆ.

ಗೆಳೆಯರೊಬ್ಬರು 'ವಲಸಿಗ' ಹಾಕಿ ಎಂದರು. ಕಟ್ಟೆಯ ಮೇಲೆ ಕೂತವರು ಯಾರೂ ವಲಸಿಗ ಅನ್ನುವುದಿಲ್ಲ. 'ಗುಳೆ' ನಮ್ಮ ಮಣ್ಣಿನ ಪದ. ಆದರೆ ಬರ ಬಿದ್ದಾಗ ನಮ್ಮವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ; ಇಲ್ಲಿಗೆ ಯಾರೂ 'ಗುಳೆ ಬಂದದ್ದನ್ನು' ನಾನು ಕೇಳಿಲ್ಲ. ನಮ್ಮ ಹೋಗುವಿಕೆಗೆ ಸಂಕಟದ ಪದವಿದೆ, ಅವರ ಬರುವಿಕೆಗೆ ಅದನ್ನು ಕೊಟ್ಟಿಲ್ಲ. ಎರಡನೇ ಅಂಕದಲ್ಲಿ ಹುಡುಗ, "ನಮ್ಮ ತಾತನೂ ಗುಳೆ ಬಂದವನೇ" ಎಂದು ಹಾಡಬೇಕು ಅನ್ನುವುದು ನನ್ನಾಸೆ. ಕಿವಿಗೆ ಇದು ತಪ್ಪು ಕನ್ನಡ ಅನಿಸುತ್ತದೆಯೇ, ಇಲ್ಲ ಚುಚ್ಚಿ ನಿಲ್ಲುತ್ತದೆಯೇ?

ಊರಮಂದಿ ಆಡಿಕೊಳ್ಳುವುದಕ್ಕೆ ಮಾತ್ರ ಪದ ಹುಡುಕಬೇಕಾಗಲಿಲ್ಲ. ಇಟಲಿಯ ಸಂಗೀತ ರಚನಕಾರ ರೊಸ್ಸಿನಿಯ 1816ರ 'ಸೆವಿಲ್ಲೆಯ ಕ್ಷೌರಿಕ' ಆಪೆರಾದಲ್ಲಿ ಬಸೀಲಿಯೋ ಎಂಬ ಪಾತ್ರ ಅಪನಿಂದೆಯನ್ನು ಹಾಡುತ್ತಾನೆ: ಮೆಲ್ಲಗೆ ತಂಗಾಳಿಯಂತೆ ಶುರುವಾಗಿ ಕೊನೆಗೆ ತೋಪು ಹಾರಿದಂತೆ ಸಿಡಿಯುತ್ತದೆ. ನಮ್ಮ 'ಗಾಳಿಮಾತು' ಆ ಸ್ವರದ ಏರಿಕೆಗೇ ಹುಟ್ಟಿದಂತಿದೆ.

ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆಯವರು 'ಗುಳೆ ಬಂದರು' ಎಂಬ ಬಳಕೆ ಕೇಳಿದ್ದರೆ ದಯವಿಟ್ಟು ತಿಳಿಸಿ. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವರಿಗೆ ಇನ್ನೊಂದು ಕೇಳಿಕೆ: ತಾತ ಇಲ್ಲಿಗೆ ಬಂದ ಕಥೆಯನ್ನು ಮನೆಯಲ್ಲಿ ಹೇಳುವಾಗ ಆ 'ಬಂದ' ಇರುವ ಜಾಗದಲ್ಲಿ ನಿಮ್ಮವರು ಯಾವ ಮಾತು ಬಳಸುತ್ತಾರೆ?