ಬೋರ್ ನೀರಿನ ಪಿಎಚ್ ಎಷ್ಟು ಇಳಿಸಿದ್ರೂ ಮರುದಿನ ಮತ್ತ 8.2: ನಿಯಾನ್ ಟೆಟ್ರಾ ಉಳೀತಿಲ್ಲ

ತೊಗರಿನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ನಿಯಾನ್ ಟೆಟ್ರಾ (ಮೆದು ನೀರಿನ ಸಣ್ಣ ಮೀನು) ಇಟ್ಟ ಟ್ಯಾಂಕ್ 2×1×1 ಅಡಿದು, ಮರಳು-ಕಲ್ಲು ಬಿಟ್ಟು ನೀರು ಸುಮಾರು 48 ಲೀಟರ್. ಸೈಕಲ್ (ಫಿಲ್ಟರಿನಾಗ ಬ್ಯಾಕ್ಟೀರಿಯಾ ನೆಲೆಯೂರೋದು) ಮುಗಿದು ಮೂರು ತಿಂಗಳಾಗ್ಯದ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಮನಿ ಬೋರಿನ ನೀರೇ ಹಾಕೋದು. ಬೋರಿನಿಂದ ಹಿಡಿದ ಕೂಡ್ಲೇ ನೋಡಿದ್ರ ಪಿಎಚ್ 7.2, ಟ್ಯಾಂಕಿನಾಗ ಮರುದಿನ 8.2. ಹನಿ ಕಿಟ್‌ನಾಗ 5 ಎಂಎಲ್ ನೀರಿಗೆ ಕೆಎಚ್ (ಕಾರ್ಬನೇಟ್ ಗಡಸುತನ) 16 ಹನಿ, ಜಿಎಚ್ (ಕ್ಯಾಲ್ಸಿಯಂ-ಮೆಗ್ನೀಸಿಯಂ ಗಡಸುತನ) 24 ಹನಿ; ಒಂದು ಹನಿ ಅಂದ್ರ ಒಂದು ಡಿಗ್ರಿ. ಪಿಎಚ್ ಇಳಿಸೋ ದ್ರಾವಣ ಹಾಕಿದ್ರ ಸಂಜೀಕ 7.0ಕ್ಕ ಬರ್ತದ, ಮುಂಜಾನಿ ಮತ್ತ 8.2. ಎರಡು ವಾರದಾಗ ಹತ್ತು ನಿಯಾನ್‌ನಾಗ ಆರು ಹೋದವು. ಗುಹೆ ಮಾಡಿದ್ದು ಶಹಾಬಾದ್ ಕಲ್ಲಿನ ತುಂಡಿನಿಂದ. ದ್ರಾವಣ ಇನ್ನೂ ಜಾಸ್ತಿ ಹಾಕಬೇಕಾ?

ಭೀಮಾತೀರ (ಯಾದಗಿರಿ)

ದ್ರಾವಣ ಇವತ್ತೇ ನಿಲ್ಲಿಸ್ರಿ. ಮೀನು ಸಾಯ್ಲಿಕತ್ತಿದ್ದು ಹೆಚ್ಚಾಗಿ 8.2ರಿಂದಲ್ಲ, ದಿನಾ 7.0ಕ್ಕ ಇಳಿದು ಮತ್ತ 8.2ಕ್ಕ ಏರೋ ಆ ಜೋಕಾಲಿಯಿಂದ.

ಆಗೋದು ಇಷ್ಟು. ಕೆಎಚ್ ಅಂದ್ರ ನೀರಿನಾಗಿರೋ ಬೈಕಾರ್ಬನೇಟ್. ಹಾಕಿದ ಆಮ್ಲವನ್ನ ಅದು ನುಂಗಿ ಕಾರ್ಬನ್ ಡೈಆಕ್ಸೈಡ್ ಮಾಡ್ತದ. ಆ ಗಾಳಿ ನೀರಿನ ಒಳಗ ಇರೋ ತನಕ ಪಿಎಚ್ ಕೆಳಗ, ಏರ್ ಪಂಪಿನ ಗುಳ್ಳಿ ಜೊತಿ ಹೊರಗ ಹೋದ ಮ್ಯಾಲ ಪಿಎಚ್ ವಾಪಸ್. 16 ಡಿಗ್ರಿಯೊಳಗ ನೀವು ಒಮ್ಮೆಗೆ ಖರ್ಚು ಮಾಡಿದ್ದು ಎರಡೋ ಮೂರೋ ಡಿಗ್ರಿ ಇರಬೇಕು. ಬೋರಿನ ಬಾಯಾಗ 7.2 ತೋರಿಸೋದೂ ಇದೇ ಕಾರಣಕ್ಕ: ಭೂಮಿ ಒಳಗಿನ ನೀರಿನಾಗ ಕಾರ್ಬನ್ ಡೈಆಕ್ಸೈಡ್ ತುಂಬಿರ್ತದ. ಒಂದು ಬಕೀಟು ಬೋರ್ ನೀರಿಗೆ ಏರ್ ಸ್ಟೋನ್ (ಏರ್ ಪಂಪಿನ ಗುಳ್ಳಿ ಕಲ್ಲು) ಬಿಟ್ಟು 24 ತಾಸಿನ ಮ್ಯಾಲ ಅಳೀರಿ. ಆಗ ಬರೋ ಅಂಕಿನೇ ನಿಮ್ಮ ನೀರಿನ ಖರೇ ಪಿಎಚ್.

ನಿಂಬೆ ರಸ, ವಿನೆಗರ್ ಅಂತ ಯಾರಾದ್ರೂ ಹೇಳಿದ್ರ ಅದೂ ಬ್ಯಾಡ. ವಿನೆಗರಿನ ಆಮ್ಲ ಬ್ಯಾಕ್ಟೀರಿಯಾಕ್ಕ ಊಟ. ಅವು ತಿಂದು ಮುಗಿಸಿದಾಗ ಬೈಕಾರ್ಬನೇಟ್ ತಿರುಗಿ ಹುಟ್ಟತದ, ಕೆಎಚ್ ಇದ್ದಲ್ಲೇ ಬಂದು ನಿಲ್ತದ, ನಡುವ ನೀರು ಹಾಲಿನಂಗ ಮಬ್ಬಾಗಿ ಆಮ್ಲಜನಕ ಕಡಿಮಿ ಆಗ್ತದ.

ಚಲೋ ದಾರಿ ಅಂದ್ರ ಆರ್‌ಓ ನೀರು ಬೆರೆಸೋದು. ಒಂದು ಪಾಲು ಬೋರ್, ಎರಡು ಪಾಲು ಆರ್‌ಓ ಅಂದ್ರ ಕೆಎಚ್ 5ರ ಮ್ಯಾಲ ಚೂರು, ಜಿಎಚ್ 8. ನಿಯಾನ್‌ಗೆ ಇದು ಸಾಕು. ಆದ್ರ ಒಮ್ಮೆಲೇ ಬದಲಿಸಬ್ಯಾಡ್ರಿ. ವಾರಕ್ಕ 12 ಲೀಟರ್ ತೆಗೆದು, 4 ಲೀಟರ್ ಬೋರ್, 8 ಲೀಟರ್ ಆರ್‌ಓ ಬಕೀಟಿನಾಗ ಮೊದಲೇ ಕಲಸಿ ಹಾಕ್ರಿ. ಕೆಎಚ್ ಸುಮಾರು 13.3, 11.3, 9.8, 8.7 ಹೀಂಗ ವಾರವಾರ ಇಳೀತದ. ಎರಡು ತಿಂಗಳಿಗೆ 6ರ ಹತ್ತಿರ ಬರ್ತದ. ಪಿಎಚ್ ತಾನಾಗೇ ಹಿಂದಿಂದೆ ಬರ್ತದ, ಅದರ ಬೆನ್ನು ಹತ್ತೋದು ಬ್ಯಾಡ.

ಸುರಂಗಬಾವಿ (ಬೀದರ್)

ಮೇಲಿನವರು ಹೇಳಿದ್ದು ಸರಿ. ಆದರೆ ಆ ಶಹಾಬಾದ್ ಕಲ್ಲು ಒಳಗಿದ್ದರೆ ಆರ್‌ಓ ಬೆರೆಸಿದ ಶ್ರಮ ನಿಲ್ಲುವುದಿಲ್ಲ. ಅದು ಸುಣ್ಣದ ಕಲ್ಲು. ಪಿಎಚ್ 8.2 ಇರುವ ಗಡಸು ನೀರಿನಲ್ಲಿ ಹೆಚ್ಚು ಕರಗದೆ ಸುಮ್ಮನಿರುತ್ತದೆ, ಹಾಗಾಗಿ ಈಗ ಅದರ ತಪ್ಪು ಕಾಣುವುದಿಲ್ಲ. ನೀರು ಮೆದುವಾದಂತೆ ಕರಗಲು ಶುರು, ಎರಡು ನೀರು ಬದಲಾವಣೆಯ ನಡುವೆ ಕೆಎಚ್ ಮತ್ತೆ ಮೇಲೇರುತ್ತದೆ. ನೀವು ಹಾಕಿದ ಆಮ್ಲವೂ ಅದನ್ನು ಕರಗಿಸಿರುತ್ತದೆ.

ಯಾವ ಕಲ್ಲನ್ನೇ ಆಗಲಿ ಒಳಗಿಡುವ ಮುಂಚೆ ಒಣಗಿಸಿ, ಮೊಳೆಯಿಂದ ಗೀರಿ. ಆ ಬಿಳಿ ಪುಡಿಯ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ. ಚುಂಯ್ ಎಂದು ಸಣ್ಣ ಗುಳ್ಳೆ ಎದ್ದರೆ ಸುಣ್ಣ ಇದೆ. ಗೀರದೆ ನಯವಾದ ಮೈ ಮೇಲೆ ಬಿಟ್ಟರೆ ವಿನೆಗರ್ ಸಪ್ಪೆ, ಗುಳ್ಳೆ ಕಾಣದೆ ಮೋಸ ಹೋಗುತ್ತೀರಿ. ನಮ್ಮ ಕಡೆಯ ಕರಿಕಲ್ಲು ಒಳ್ಳೆಯದು, ಆದರೆ ಅದರ ರಂಧ್ರಗಳಲ್ಲಿ ಬಿಳಿ ಹರಳು ಕೂತಿದ್ದರೆ ಆ ಹರಳಿನ ಮೇಲೂ ಹನಿ ಬಿಟ್ಟು ನೋಡಿ. ಯಾದಗಿರಿ ಕಡೆಯ ಗ್ರಾನೈಟ್‌ಗೆ ಈ ತಂಟೆ ಇಲ್ಲ. ಹೊಳೆ ಮರಳು ಹಾಕಿದ್ದರೆ ಒಂದು ಹಿಡಿ ತೆಗೆದು ಇದೇ ಪರೀಕ್ಷೆ ಮಾಡಿ, ಶಂಖದ ಹುಳುವಿನ ಚಿಪ್ಪಿನ ಚೂರು, ಸುಣ್ಣದ ಹರಳು ಸೇರಿರುತ್ತವೆ.

ಇನ್ನೊಂದು ಮಾತು. ಉಪ್ಪು ಹಾಕುವ ಸಾಫ್ಟನರ್ ಮನೆಯಲ್ಲಿದ್ದರೆ ಅದರ ನೀರನ್ನು ಆರ್‌ಓ ಬದಲಿಗೆ ಬಳಸಬೇಡಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಜಿಎಚ್ ಸೊನ್ನೆ, ಕೆಎಚ್ ಮಾತ್ರ ಅದೇ 16. ಮೀನಿಗೆ ಎರಡೂ ಕಡೆ ನಷ್ಟ. 20 ಲೀಟರ್ ಕ್ಯಾನ್ ನೀರು ತರುವುದಾದರೆ ಟಿಡಿಎಸ್ ಪೆನ್ ಅದ್ದಿ ನೋಡಿ, ರುಚಿಗೆಂದು ಹಸಿ ನೀರು ಬೆರೆಸಿರುವುದುಂಟು. 60ರೊಳಗೆ ಇದ್ದರೆ ಮೇಲಿನ ಲೆಕ್ಕ ನಡೆಯುತ್ತದೆ. ಹೆಚ್ಚಿದ್ದರೆ ಆ ನೀರಿನ ಕೆಎಚ್ ಕೂಡ ಹನಿ ಹಾಕಿ ಅಳೆದು ಪಾಲು ಬದಲಿಸಿ. ಪೆನ್ ಬರೀ ಒಟ್ಟು ಲವಣ ಹೇಳುತ್ತದೆ, ಯಾವುದು ಜಿಎಚ್ ಯಾವುದು ಕೆಎಚ್ ಎಂದು ಹೇಳುವುದಿಲ್ಲ.

ತೊಗರಿನಾಡು (ಕಲಬುರಗಿ)

ಗೀರಿ ನೋಡ್ದೆ ಸರ್, ನೊರಿನೇ ಎದ್ದಿತು. ಕಲ್ಲು ತೆಗೆದೆ. ಹಂಗಾದ್ರ ಬೋರ್ ನೀರು ಪೂರಾ ಬಿಟ್ಟು ಬರೀ ಆರ್‌ಓ ಹಾಕಿದ್ರ ಜಲ್ದಿ ಆಗೂದಿಲ್ಲೇನ್ರಿ? ಮತ್ತ ಕುದಿಸಿದ ನೀರು ನಡೀತದಾ?

ಭೀಮಾತೀರ (ಯಾದಗಿರಿ)

ಬರೀ ಆರ್‌ಓ ಬ್ಯಾಡ್ರಿ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನ ನೈಟ್ರೇಟ್ ಮಾಡೋವಾಗ ಕೆಎಚ್ ತಿಂತಾವು. ಒಂದು ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ನಿಗೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಾಗ ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚು. ಕೆಎಚ್ ಸೊನ್ನೆಗೆ ಬಂತಂದ್ರ ಪಿಎಚ್ ಒಂದೇ ರಾತ್ರಿಗೆ 6ರ ಕೆಳಗ ಕುಸೀತದ, ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡ್ತಾವು, ಅಮೋನಿಯಾ ಕೂಡ್ತದ. ಆಮ್ಲದ ನೀರಾಗ ಅದು ಅಷ್ಟು ವಿಷ ಅಲ್ಲ. ಗಾಬರಿಯಿಂದ ಆಗ ಎರಡು ಬಕೀಟು ಬೋರ್ ನೀರು ಸುರಿದ್ರೋ, ಪಿಎಚ್ ಏರಿ ಅದೇ ಅಮೋನಿಯಾ ಕೊಲ್ತದ. 7ರಿಂದ 8ಕ್ಕ ಏರಿದ್ರ ವಿಷದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು.

ಕೆಎಚ್ 3ರ ಕೆಳಗ ಇಳೀದಂಗ ನೋಡ್ಕೋರಿ. ಇಳಿದ್ರ ಬೋರಿನ ಪಾಲು ಸ್ವಲ್ಪ ಹೆಚ್ಚಿಸಿದ್ರ ಮುಗೀತು. ತುರ್ತಿಗೆ ಅಡುಗೆ ಸೋಡಾ, 100 ಲೀಟರಿಗೆ 3 ಗ್ರಾಂ ಹಾಕಿದ್ರ ಒಂದು ಡಿಗ್ರಿ ಏರ್ತದ. ನಿಮ್ಮ 48 ಲೀಟರಿಗೆ ಹತ್ತಿರ ಒಂದೂವರೆ ಗ್ರಾಂ. ಒಂದು ಲೋಟ ಟ್ಯಾಂಕ್ ನೀರಾಗ ಕರಗಿಸಿ ಫಿಲ್ಟರ್ ನೀರು ಬೀಳೋ ಕಡೆ ನಿಧಾನ ಹಾಕ್ರಿ, ದಿನಕ್ಕ ಒಂದು ಡಿಗ್ರಿಗಿಂತ ಜಾಸ್ತಿ ಬ್ಯಾಡ. ಬೇಕಿಂಗ್ ಪೌಡರ್, ವಾಷಿಂಗ್ ಸೋಡಾ, ಪಾಪಡಖಾರ ಇವು ಬ್ಯಾರೆ ಸಾಮಾನು, ತಪ್ಪಿ ಹಾಕಬ್ಯಾಡ್ರಿ.

ಕುದಿಸಿದ್ರ ಬೈಕಾರ್ಬನೇಟ್ ಸುಣ್ಣಾಗಿ ಪಾತ್ರಿ ತಳಕ್ಕ ಕೂಡ್ತದ, ಕೆಎಚ್ ಚಲೋ ಇಳೀತದ, ಜಿಎಚ್ ಅರ್ಧಂಬರ್ಧ. ಆರಿಸಿ, ಮ್ಯಾಲಿನ ತಿಳಿ ಮಾತ್ರ ಬಗ್ಗಿಸಿ, ಒಂದು ದಿನ ಏರ್ ಸ್ಟೋನ್ ಬಿಟ್ಟು ಹಾಕಬಹುದು. ಐದು ಲೀಟರಿಗೆ ಸರಿ, ವಾರವಾರಕ್ಕ ಗ್ಯಾಸ್ ದಂಡ.

ಸೇಡಂರೋಡ್ (ಕಲಬುರಗಿ)

ಒಂದು ಮಾತು ಸೇರಿಸ್ತೀನಿ. ಉಳಿದ ನಾಲ್ಕು ನಿಯಾನ್ ಸಲುವಾಗಿ ಆರ್‌ಓ ಹೊರೋದು ಕಷ್ಟ ಅನಿಸಿದ್ರ ಅವನ್ನ ಮೆದು ನೀರಿನ ಟ್ಯಾಂಕ್ ಇರೋರಿಗೆ ಕೊಟ್ಟು ಗಪ್ಪಿ, ಮಾಲಿ, ಪ್ಲಾಟಿ ಮೀನು ಇಡ್ರಿ. ಕೆಎಚ್ 16, ಜಿಎಚ್ 24 ಅಂದ್ರ ಅವುಕ್ಕ ತವರಮನಿ.

ಹೆಂಗೇ ಮಾಡ್ರಿ, ಬ್ಯಾಸಗಿ ಲೆಕ್ಕ ಮರೀಬ್ಯಾಡ್ರಿ. 60×30 ಸೆಂ.ಮೀ. ಟ್ಯಾಂಕಿನಾಗ ನೀರು ಒಂದು ಸೆಂ.ಮೀ. ಇಳಿದ್ರ 1.8 ಲೀಟರ್ ಆವಿ ಆದಂಗ. ಫ್ಯಾನಿನ ಗಾಳಿಗೆ ದಿನಕ್ಕ ಅರ್ಧ ಸೆಂ.ಮೀ. ಹೋದ್ರೂ ತಿಂಗಳಿಗೆ 27 ಲೀಟರ್. ಆವಿ ಆಗೋದು ಬರೀ ನೀರು, ಲವಣ ಅಲ್ಲೇ ಉಳೀತದ. ಗಾಜಿನ ಮ್ಯಾಲ ನೀರಿನ ಗೆರಿಗುಂಟ ಕೂಡೋ ಬಿಳಿ ಪೊರಿ ಅದೇ. ಅಷ್ಟನ್ನೂ ಬೋರ್ ನೀರಿನಿಂದ ತುಂಬಿದ್ರ ಎರಡು ತಿಂಗಳು ಇಳಿಸಿದ್ದು ಒಂದು ತಿಂಗಳಿಗೆ ವಾಪಸ್ ಬರ್ತದ. ಗಾಜಿನ ಹೊರಗ ಮಾರ್ಕರ್‌ನಿಂದ ಗೆರಿ ಎಳೀರಿ, ಅದಕ್ಕಿಂತ ಇಳಿದಷ್ಟಕ್ಕ ಬರೀ ಆರ್‌ಓ. ಬೋರ್ ಬೆರೆಸಿದ ನೀರು ವಾರದ ಬದಲಾವಣಿಗೆ ಮಾತ್ರ.